ಮೇಲ್ಮನಿ ಗೆದ್ದ ರಾಚವ್ವ

ಮೂವತ್ತಾರು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಹೆಸರು ಬಾಳಕೃಷ್ಣ. ಊರವರು ಬಾಳೂ ಮಾಸ್ತರ ಎನ್ನುತ್ತಾರೆ. ಯಾರಾದರೂ ‘ಅಪೀಲು’ ಎಂದರೆ ನನ್ನ ಮೈ ಉರಿಯುತ್ತದೆ. ‘ಮೇಲ್ಮನವಿ’ ಎಂಬ ಬಂಗಾರದಂಥ ಶಬ್ದ ಇರುವಾಗ ಈ ಜನಕ್ಕೆ ಏನು ಧಾಡಿ ಎಂದು ಮನೆಯಲ್ಲಿ ಕೂಗಾಡುತ್ತೇನೆ. ಆಗ ನನ್ನ ಹೆಂಡತಿ ರಾಧಾಬಾಯಿ ಗುಳಿಗೆ ತಂದು ಕೈಯಲ್ಲಿಡುತ್ತಾಳೆ. ‘ನಿಮ್ಮ ಬೀಪಿಗೆ ಕನ್ನಡದಾಗ ಏನಂತಾರ, ಅದನ್ನ ಅಂದು ನುಂಗ್ರಿ’ ಎನ್ನುತ್ತಾಳೆ. ನಾನು ‘ರಕ್ತದೊತ್ತಡ’ ಎಂದು ನುಂಗುತ್ತೇನೆ. ಈಗ ಹೇಳಲಿರುವ ರಾದ್ಧಾಂತಕ್ಕೆಲ್ಲ ನನ್ನ ಈ ಚಟವೇ ಕಾರಣ. ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ಸಂಪಗಾಂವದಿಂದ ಎರಡು ಮೈಲಿ ದೂರದ ಸಣ್ಣ ಊರು. ನಮ್ಮ ಓಣಿಯ ರಾಚವ್ವನಿಗೆ ಐವತ್ತರ ಹತ್ತಿರ ವಯಸ್ಸು. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಗೋಡೆಗೆ ಒರಗಿ ಕೂತು ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಬೈಲಹೊಂಗಲದ ಖಾನಾವಳಿಗೆ ಕಳಿಸುತ್ತಾಳೆ. ರೊಟ್ಟಿ ಮೆತ್ತಗೆ, ಬಾಯಿ ಖಡಕ್. ಸರಕಾರ ಕೊಡುವ ಅಂಗವಿಕಲರ ಪಿಂಚಣಿಗೆ ನಮ್ಮ ಕಡೆ ‘ಪಗಾರ’ ಎನ್ನುವುದು ರೂಢಿ. ರಾಚವ್ವ ಅದನ್ನು ‘ನನ್ನ ಕಾಲಿನ ಪಗಾರ’ ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಹಳೆಯ ಪ್ರಮಾಣಪತ್ರವನ್ನು ಹೊಸದು ಮಾಡಿಸಲು ಹೋದಾಗ, ಯಾರೋ ಒಬ್ಬ ಡಾಕ್ಟರು ಅವಳ ಕಾಲನ್ನು ಅರ್ಧ ನಿಮಿಷ ನೋಡಿ, ಶೇಕಡಾ ಅರವತ್ತು ಇದ್ದದ್ದನ್ನು ಮೂವತ್ತು ಎಂದು ಬರೆದರು. ನಲವತ್ತಕ್ಕಿಂತ ಕಡಿಮೆಯಾದರೆ ಪಗಾರ ಇಲ್ಲ. ನಿಂತೇ ಹೋಯಿತು.

‘ಅರ್ಧಾ ಕಾಲು ಬೆಳದೈತಂತ್ರಿ ಮಾಸ್ತರ. ಎಲ್ಲಿ ಬೆಳೀತು, ನನಗಂತೂ ಕಾಣವಲ್ದು’ ಎಂದು ಅವಳು ನನ್ನ ಕಟ್ಟೆಯ ಮೇಲೆ ಕೂತು ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟು ಬಂತು. ಅಂದೇ ಏಳು ಪುಟದ ಮೇಲ್ಮನವಿ ಬರೆದುಕೊಟ್ಟೆ. ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದ ಇರಲಿಲ್ಲ. ಅದಕ್ಕೇ ಮೂರು ವರ್ಷ ಹಿಡಿಯಿತು ಎಂದು ರಾಧಾಬಾಯಿ ಇಂದಿಗೂ ಹೇಳುತ್ತಾಳೆ.

ಆ ಮೂರು ವರ್ಷ ರಾಚವ್ವ ಊರುಗೋಲು ಊರಿಕೊಂಡು ಕಚೇರಿಯಿಂದ ಕಚೇರಿಗೆ ತಿರುಗಿದಳು. ಕೊನೆಗೂ ಈ ವರ್ಷ ಆದೇಶ ಬಂತು: ಶೇಕಡಾ ಅರವತ್ತೈದು. ಕಾಗದ ಇಸಿದುಕೊಂಡು ನಾವಿಬ್ಬರೂ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ.

‘ಅಪೀಲ ಗೆದ್ನಿ ಅಂತ ಊರಾಗ ಎಲ್ಲಾರಿಗೂ ಹೇಳ್ತೇನ್ರಿ.’

‘ಅಪೀಲು ಅನ್ನಬ್ಯಾಡ ರಾಚವ್ವ. ಮೇಲ್ಮನವಿ ಅನ್ನು.’

‘ಮೇಲ್ಮನಿವಿ.’

‘ಮನವಿ. ಮ, ನ, ವಿ.’

‘ಮೇಲ್ಮನಿ.’

ಅಷ್ಟರಲ್ಲಿ ಬಸ್ಸು ಬಂತು. ಅವಳ ಊರುಗೋಲು, ನನ್ನ ಛತ್ರಿ, ಖಾನಾವಳಿಯಿಂದ ವಾಪಸು ತಂದ ಖಾಲಿ ಬುಟ್ಟಿ, ಎಲ್ಲ ಹತ್ತಿಸುವ ಗಡಿಬಿಡಿಯಲ್ಲಿ ಪಾಠ ಅರ್ಧಕ್ಕೇ ನಿಂತಿತು. ಎಂಥೆಂಥ ದಡ್ಡ ಹುಡುಗರನ್ನೂ ಉಚ್ಚಾರ ತಿದ್ದದೆ ಮನೆಗೆ ಬಿಡದಿದ್ದ ನಾನು ಅಂದು ಬಿಟ್ಟೆ. ಹೋಗಲಿ, ಪಾಪ, ಖುಷಿಯಲ್ಲಿದ್ದಾಳೆ ಎಂದುಕೊಂಡೆ.

ನಮ್ಮೂರಲ್ಲಿ ಬಸ್ಸು ನಿಲ್ಲುವುದು ಪರಸಪ್ಪನ ಚಹಾದಂಗಡಿಯ ಎದುರಿಗೆ. ರಾಚವ್ವ ಇಳಿದವಳೇ ಆದೇಶದ ಕಾಗದ ಮೇಲಕ್ಕೆತ್ತಿ ಕೂಗಿದಳು:

‘ಗೆದ್ನೋ ಪರಸಪ್ಪಾ! ಮೇಲ್ಮನಿ ಗೆದ್ನಿ! ಮುಂದಿನ ತಿಂಗಳಿಂದ ಪಗಾರ ಸುರು!’

ಮನೆಗೆ ‘ಮನಿ’ ಎನ್ನುವ ಜನ ನಾವು. ವಿಧಾನ ಪರಿಷತ್ತಿಗೆ ಪೇಪರಿನವರು ಮೇಲ್ಮನೆ ಎಂದರೆ ನಮ್ಮವರು ಮೇಲ್ಮನಿ ಎನ್ನುತ್ತಾರೆ. ಅದೇ ವಾರ ಪರಸಪ್ಪನ ಅಂಗಡಿಯ ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಸುದ್ದಿ: ಮೇಲ್ಮನೆಗೆ ಯಾರು, ಮೇಲ್ಮನೆಗೆ ಯಾರು. ಪರಸಪ್ಪನಿಗೆ ಉತ್ತರ ಸಿಕ್ಕಿತು. ಅವನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇಲ್ಲ, ಇದ್ದರೂ ಅವನು ಒಪ್ಪುವುದಿಲ್ಲ. ‘ಅಂಗವಿಕಲರ ಕೋಟಾದಾಗ ಮಾಡ್ಯಾರ. ನಾ ಮೊದಲ ಅಂದಿದ್ನಿ’ ಎಂದು ಸಾರಿಬಿಟ್ಟ.

ಮರುದಿನ ಬೆಳಿಗ್ಗೆ ರಾಚವ್ವನ ಬಾಗಿಲಲ್ಲಿ ಹಾರ, ತೆಂಗಿನಕಾಯಿ, ಪರಸಪ್ಪನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ. ಹುಟ್ಟಿದಾಗಿನಿಂದ ‘ಏ ರಾಚೀ’ ಎನ್ನುತ್ತಿದ್ದ ಓಣಿಯವರೆಲ್ಲ ‘ರಾಚವ್ವಾರ, ಹೆಂಗದೀರ್ರಿ?’ ಎನ್ನತೊಡಗಿದರು. ಊರೆಲ್ಲ ತನ್ನ ಕಾಲಿಗೆ ಮರ್ಯಾದೆ ಕೊಡುತ್ತಿದೆ ಎಂದು ಅವಳು ತಿಳಿದಳು. ಕುರ್ಚಿಯ ಮೇಲೆ ಕೂತೇ ರೊಟ್ಟಿ ಬಡಿಯಲು ನೋಡಿ, ಆಗದೆ, ಮತ್ತೆ ಕೆಳಗೆ ಕೂತಳಂತೆ.

ಹಿಂದೆಯೇ ಅಹವಾಲುಗಳು ಬಂದವು. ಮೊದಲು ಬಂದವಳು ಎದುರು ಮನೆಯ ದೇವಕ್ಕ. ಅವಳ ವಿಧವಾ ಪಗಾರ ಎರಡು ವರ್ಷದಿಂದ ಸಿಕ್ಕಿಬಿದ್ದಿತ್ತು, ಯಾಕೆಂದರೆ ಒಂದು ಕಾಗದದಲ್ಲಿ ದೇವಕ್ಕ, ಇನ್ನೊಂದರಲ್ಲಿ ದೇವವ್ವ. ರಾಚವ್ವ ಹಿಟ್ಟು ನಾದುತ್ತಲೇ ಹೇಳಿದಳು: ‘ಮೂರನೇ ಟೇಬಲ್ಲಿಗಿ ಹೋಗು. ಹನ್ನೊಂದರ ಒಳಗ ಹೋಗಬ್ಯಾಡ, ಅವಂದು ಚಾ ಆಗಿರೂದಿಲ್ಲ. ಆಧಾರ ಝೆರಾಕ್ಸ್ ಎರಡ ಒಯ್ಯಿ, ಒಂದ ಕಳದ ಕಳೀತಾನ.’ ಮೂರು ವರ್ಷ ತಿರುಗಿದವಳಿಗೆ ಇದೆಲ್ಲ ಬಾಯಿಪಾಠ. ದೇವಕ್ಕ ಹಾಗೇ ಮಾಡಿದಳು. ನಾಲ್ಕು ದಿನದಲ್ಲಿ ಕೆಲಸವಾಯಿತು. ‘ಮ್ಯಾಲಿಂದ ಫೋನ ಹೋಗೇತಿ’ ಎಂದ ಪರಸಪ್ಪ. ಅಲ್ಲಿಂದ ರಾಚವ್ವನ ಬಾಗಿಲಲ್ಲಿ ಸರತಿ ಹತ್ತಿತು.

ಜನ ಪಗಾರ ಗೆದ್ದದ್ದಕ್ಕೆ ಸಂಭ್ರಮಿಸುತ್ತಿದ್ದಾರೆ ಎಂದುಕೊಂಡಿದ್ದ ನನಗೆ ನಿಜ ತಿಳಿದದ್ದು ತಡವಾಗಿ. ಒಂದು ಸಂಜೆ ಪರಸಪ್ಪ ಚಹಾ ಕೊಡುತ್ತ ಕೇಳಿದ: ‘ಮಾಸ್ತರ, ಎಮ್ಮೆಲ್ಸಿಯವರಿಗಿ ಗನ್‌ಮ್ಯಾನ್ ಯಾವಾಗ ಬರ್ತಾನ್ರಿ?’

‘ಯಾವ ಎಮ್ಮೆಲ್ಸಿ?’

‘ನಮ್ಮ ರಾಚವ್ವಾರು. ಮೇಲ್ಮನಿ ಗೆದ್ದಿಲ್ಲೇನ್ರಿ?’

ಚಹಾ ನನ್ನ ಧೋತರದ ಮೇಲೆ ಚೆಲ್ಲಿತು. ‘ಮೇಲ್ಮನಿ ಅಲ್ಲೋ ಮಾರಾಯಾ, ಮೇಲ್ಮನವಿ!’

‘ನಾವೂ ಅದನ್ನ ಅನ್ನಾಕತ್ತೇವಲ್ರಿ. ನೀವು ಶುದ್ಧ ಅಂತೀರಿ, ನಾವು ನಮ್ಮ ಮಾತಿನಾಗ ಅಂತೇವಿ.’

ನಾನು ಬಿಡಿಸಿ ಹೇಳಿದೆ. ಮನವಿ ಎಂದರೆ ಅರ್ಜಿ, ಮೇಲಿನವರಿಗೆ ಕೊಡುವ ಮನವಿಯೇ ಮೇಲ್ಮನವಿ ಎಂದೆ. ಅವನು ತಲೆಯಾಡಿಸಿದ. ‘ಹೌದಲ್ರಿ. ಅದಕ್ಕ ನಾವೆಲ್ಲಾ ಹೋಗಿ ರಾಚವ್ವಾರಿಗಿ ಮನವಿ ಕೊಡಾಕತ್ತೇವಿ.’ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನೆಗೆ ಬಂದು ರಾಧಾಬಾಯಿಯ ಮುಂದೆ ಕೂಗಾಡಿದೆ. ಅವಳು ಮೆಂತೆಪಲ್ಲೆ ಸೋಸುತ್ತ ಹೇಳಿದಳು: ‘ಅಪೀಲು ಅಂತ ಒಂದ ಸಲ ಅನ್ರಿ. ಎಲ್ಲಾರಿಗೂ ತಿಳೀತದ.’ ಜೀವ ಹೋದರೂ ಅನ್ನುವುದಿಲ್ಲ ಎಂದೆ.

ರಾಚವ್ವನಿಗೆ ಹೋಗಿ ಹೇಳಿದಾಗ ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ರೊಟ್ಟಿಯ ಮೇಲಿನ ಕೈ ನಿಂತಿತು.

‘ಅಂದ್ರ ಇವ್ರೆಲ್ಲಾ ನನಗ ರೀ ಅನ್ನಾಕತ್ತಿದ್ದು ಅದಕ್ಕ?’

ನಾನು ಹೌದೆಂದು ತಲೆಯಾಡಿಸಿದೆ. ನನಗೆ ನಿಜವಾಗಿ ಸಂಕಟವಾಯಿತು.

‘ಇರ್ಲಿ ಬಿಡ್ರಿ ಮಾಸ್ತರ. ನಾಕ ದಿನಾ ಅನ್ನಲಿ. ಛಲೋ ಅನಸ್ತೈತಿ’ ಎಂದಳು ರಾಚವ್ವ.

ಆದರೆ ಬಿಡುವಂತಿರಲಿಲ್ಲ. ಗುರುವಾರ ಊರಿನ ಲೆಕ್ಕಪತ್ರ ನೋಡುವ ತಲಾಠಿ ಬಾಯಿ ಸುಚೇತಾ ಸ್ಥಳ ಪರಿಶೀಲನೆಗೆ ಬರುವವಳಿದ್ದಳು. ನಿಂತ ಪಗಾರ ಮತ್ತೆ ಸುರುವಾಗಬೇಕಾದರೆ ಅವಳು ಮನೆಗೆ ಬಂದು, ಅಕ್ಕಪಕ್ಕದವರನ್ನು ಕೇಳಿ, ಈಕೆ ಬಡವಳು ಹೌದು, ಕಾಲು ಹೀಗಿರುವುದು ಹೌದು ಎಂದು ಬರೆದು ಸಹಿ ಮಾಡಬೇಕು. ಅಕ್ಕಪಕ್ಕದವರು ‘ಎಮ್ಮೆಲ್ಸಿ ಅದಾರ್ರಿ’ ಎಂದರೆ ಮೂರು ವರ್ಷದ ತಿರುಗಾಟ ನೀರಿಗೆ ಹೋದಂತೆಯೇ. ಇದನ್ನು ಹೇಳಿದಾಗ ರಾಚವ್ವನ ಮುಖ ಬಾಡಿತು. ‘ರೀ ಬೇಕಂದ್ರ ಪಗಾರ ಹೋಗತೈತಿ. ಪಗಾರ ಬೇಕಂದ್ರ ರೀ ಹೋಗತೈತಿ’ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕಿದಳು. ಆಮೇಲೆ ಬಾಗಿಲಿಗೆ ಬಂದವರಿಗೆಲ್ಲ ತಾನು ಎಮ್ಮೆಲ್ಸಿ ಅಲ್ಲ ಎಂದು ಹೇಳಿ ನೋಡಿದಳು. ‘ದೊಡ್ಡವರು ಹಂಗ ಅಂತಾರ’ ಎಂದು ಜನ ಕೈಮುಗಿದು ಹೋದರು.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ರಾಚವ್ವನ ಮನೆಗೆ ಅಡ್ಡಲಾಗಿ ಹತ್ತು ಅಡಿಯ ಫ್ಲೆಕ್ಸ್. ‘ಮೇಲ್ಮನಿಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ರಾಚವ್ವನವರಿಗೆ ಹಾರ್ದಿಕ ಸ್ವಾಗತ’ ಎಂದು ಬರೆದಿತ್ತು. ಕೆಳಗೆ ಶುಭ ಕೋರುವವರ ಒಂಬತ್ತು ಮುಖ. ಅದರಲ್ಲಿ ನನ್ನದೂ ಒಂದು. ಮಧ್ಯದಲ್ಲಿ ರಾಚವ್ವ. ಮುಖ ಆಧಾರ ಕಾರ್ಡಿನದು, ಆದ್ದರಿಂದ ಯಾರನ್ನೋ ಕಂಡು ಗಾಬರಿಯಾದಂತಿತ್ತು. ಕುತ್ತಿಗೆಯ ಕೆಳಗಿನದೆಲ್ಲ ಬೇರೆ ಯಾರದೋ. ಇಳಕಲ್ಲ ಸೀರೆ ಉಟ್ಟು, ಕೈಮುಗಿದು, ಒಂದು ಕಾಲು ಮುಂದಿಟ್ಟು, ಎರಡು ಗಟ್ಟಿಮುಟ್ಟಾದ ಕಾಲುಗಳ ಮೇಲೆ ನಿಂತಿದ್ದಳು.

‘ಪರಸಪ್ಪಾ, ಇಳಸೋ ಅದನ್ನ!’ ಎಂದು ನಾನು ಅರಚುವಷ್ಟರಲ್ಲಿ ಸುಚೇತಾಳ ಸ್ಕೂಟಿ ಬಂದು ನಿಂತಿತು.

ರಾಮದುರ್ಗದ ಕಡೆಯ ಹುಡುಗಿ, ಹೊಸದಾಗಿ ಬಂದವಳು. ಫೈಲು ತೆಗೆದಳು. ಫ್ಲೆಕ್ಸ್ ನೋಡಿದಳು. ಫೈಲು ನೋಡಿದಳು. ಮತ್ತೆ ಫ್ಲೆಕ್ಸಿನ ಕಾಲು ನೋಡಿದಳು.

‘ರಾಚವ್ವ ಅಂದ್ರ ಇವರೇನ್ರಿ?’

‘ಇವ್ರ ನೋಡ್ರಿ!’ ಎಂದು ಓಣಿಯೆಲ್ಲ ಒಂದೇ ದನಿಯಲ್ಲಿ, ಹೆಮ್ಮೆಯಿಂದ ಹೇಳಿತು.

‘ಎರಡೂ ಕಾಲು ಛಲೋ ಅದಾವಲ್ರಿ?’

‘ಎಮ್ಮೆಲ್ಸಿ ಆದಮ್ಯಾಲೆ ಕಾಲಿಗೇನ ಕಮ್ಮಿರಿ ಬಾಯಾರ!’ ಎಂದ ಪರಸಪ್ಪ.

ಸುಚೇತಾ ಪೆನ್ನಿನ ಟೊಪ್ಪಿಗೆ ತೆಗೆದು ಬರೆಯಲು ಹತ್ತಿದಳು. ನಾನು ‘ಬಾಯಾರ, ಈಕೆ ಗೆದ್ದದ್ದು ಮೇಲ್ಮನವಿ’ ಎಂದೆ. ‘ಅದನ್ನ ಎಲ್ಲಾರೂ ಹೇಳಾಕತ್ತಾರಲ್ರಿ’ ಎಂದಳು, ತಲೆಯೆತ್ತದೆ. ಹಿಂದಿನಿಂದ ರಾಧಾಬಾಯಿ ನನ್ನ ಬೆನ್ನಿಗೆ ತಿವಿದಳು. ಪೆನ್ನು ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಇಳಿಯಿತು. ಮೂವತ್ತಾರು ವರ್ಷದ ಸೇವೆ ಕಣ್ಣ ಮುಂದೆ ಹಾದುಹೋಯಿತು. ಕಣ್ಣು ಮುಚ್ಚಿಕೊಂಡೆ.

‘ಅಪೀಲು!’ ಎಂದು ಕೂಗಿದೆ. ‘ಅಪೀಲು ಗೆದ್ದಾಳ! ಅ, ಪೀ, ಲು!’

ಪರಸಪ್ಪನ ಬಾಯಿ ತೆರೆದೇ ಇತ್ತು.

‘ಅಪೀಲೇನ್ರಿ?’ ಎಂದ ಕೊನೆಗೆ. ‘ಇದನ್ನ ಮೊದಲ ಕನ್ನಡದಾಗ ಹೇಳಾಕ ಏನಾಗಿತ್ರಿ ಮಾಸ್ತರ ನಿಮಗ!’

ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ರಾಧಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಫ್ಲೆಕ್ಸಿನ ಕೆಳಗಿನಿಂದ ಬಗ್ಗಿ, ಊರುಗೋಲು ಊರುತ್ತ ರಾಚವ್ವ ಹೊರಗೆ ಬಂದಳು. ಕೈಗೆಲ್ಲ ಹಿಟ್ಟು. ಸುಚೇತಾಳ ಎದುರು ನಿಂತು ಸೀರೆಯ ಅಂಚನ್ನು ಒಂದು ಗೇಣು ಮೇಲೆತ್ತಿದಳು.

‘ಅದರಾಗಿನ ಕಾಲು ಯಾರವೋ ಏನೋ ಬಾಯಾರ. ನಂದು ಇದು. ನಾ ಎಮ್ಮೆಲ್ಸಿ ಅಲ್ಲ, ರೊಟ್ಟಿ ಬಡ್ಯಾಕಿ.’ ಆಮೇಲೆ ಓಣಿಯ ಕಡೆ ತಿರುಗಿದಳು. ‘ನಾ ಯಾರಿಗೂ ಫೋನ ಮಾಡಿಲ್ಲ. ಮೂರ ವರ್ಷ ಕಚೇರಿ ಕಟ್ಟಿಮ್ಯಾಲ ಕುಂತ ಕುಂತ ಯಾರ ಎಲ್ಲಿ ಕುಂಡ್ರತಾರ, ಯಾವಾಗ ಏಳತಾರ ನೋಡೇನಿ. ನನಗ ಗೊತ್ತಿರೂದು ಅಷ್ಟ.’

ಸುಚೇತಾ ಬರೆದದ್ದನ್ನು ಹೊಡೆದು ಹಾಕಿ ಹೊಸದಾಗಿ ಬರೆದಳು. ಸಹಿ ಮಾಡಿದಳು. ‘ಮುಂದಿನ ತಿಂಗಳಿಂದ ಬರತೈತ್ರಿ ಅವ್ವಾರ’ ಎಂದು ಸ್ಕೂಟಿ ತಿರುಗಿಸಿಕೊಂಡು ಹೋದಳು.

ಅವಳು ಹೋದ ಮೇಲೆ ಪರಸಪ್ಪ ಏಣಿ ತಂದು ಫ್ಲೆಕ್ಸ್ ಬಿಚ್ಚಿದ. ತನ್ನ ಕುರ್ಚಿಯನ್ನೂ ಎತ್ತಿಕೊಂಡು ಹೊರಟ. ರಾಚವ್ವ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಈಗ ಎಲ್ಲರೂ ಚದುರುತ್ತಾರೆ ಎಂದು ನಾನು ಕಾದೆ. ಕೈಯಲ್ಲಿ ಕಾಗದ ಹಿಡಿದು ಹತ್ತು ಹನ್ನೆರಡು ಜನ ಸರತಿಯಲ್ಲಿದ್ದರು. ಒಬ್ಬರೂ ಕದಲಲಿಲ್ಲ.

ಎಲ್ಲರಿಗಿಂತ ಮುಂದೆ ಈ ಸಲವೂ ದೇವಕ್ಕನೇ. ಹೊಸ್ತಿಲ ಮೇಲೆ ಕೂತು ಒಳಗೆ ಇಣುಕಿದಳು.

‘ಏ ರಾಚೀ, ನೀ ಎಮ್ಮೆಲ್ಸಿ ಆಗದ ಇದ್ದದ್ದ ಛಲೋ ಆತ ನೋಡು. ಆಗಿದ್ರ ಬೆಂಗಳೂರಿಗಿ ಹೋಗಿ ಕುಂತ ಬಿಡ್ತಿದ್ದಿ, ನಮಗ ಯಾರ ಹೇಳವ್ರು? ಈ ರೇಶನ್ ಕಾರ್ಡಿಂದು ಯಾವ ಟೇಬಲ್ಲಿಗಿ ಒಯ್ಯಲಿ ಹೇಳು.’

ರಾಚವ್ವ ನಾದುತ್ತಿದ್ದ ಹಿಟ್ಟನ್ನು ಬದಿಗೆ ಸರಿಸಿದಳು. ಆಮೇಲೆ ತಲೆಯೆತ್ತಿ ಹೇಳಿದಳು:

‘ರೀ ಅನ್ನು. ಹೇಳ್ತೇನಿ.’

ದೇವಕ್ಕ ಹಿಂದೆ ನಿಂತ ಸರತಿಯನ್ನು ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು. ಹೊಸ್ತಿಲು ದಾಟಿ ಒಳಗೆ ಬಂದು ಕೂತಳು.

‘ಹೇಳ್ರೀ ರಾಚವ್ವಾರ’ ಎಂದಳು.