ತೊಗರಿ ಕಟ್ಟಿಗೆಯ ಪಾಲು

ಎಳ್ಳಮಾಸಿ ಹಬ್ಬ ಕಳೆದ ಮೇಲಿನ ಚಳಿ. ಮೋರಖಂಡಿಯ ಹೊಲದಲ್ಲಿ ತೊಗರಿ ಬಡಿದು ಮುಗಿಸಿ, ನಾವು ಹೆಂಗಸರು ಬರಿ ಕಟ್ಟಿಗೆಯನ್ನು ಒಟ್ಟುತ್ತಿದ್ದೆವು. ತೊಗರಿ ಕೊಯ್ದವರಿಗೆ ಕೂಲಿಯ ಜೊತೆ ಒಂದು ಹೊರೆ ಕಟ್ಟಿಗೆ. ನನ್ನ ಅತ್ತೆಯ ಕಾಲದಿಂದಲೂ ಹಾಗೇ. ನಮ್ಮ ಒಲೆ ಉರಿಯುವುದು ಅದರಿಂದಲೇ. ನನ್ನ ಪಾಲನ್ನು ಬೇರೆ ಕಟ್ಟುತ್ತಿದ್ದೆ.

“ಏ ಸಂಗೀ, ಒಗಿ ಅದನ್ನ ಕೆಳಗ!” ಹೊಲದ ಮಾಲಕ ಅನೀಲಕುಮಾರ ಪಾಟೀಲ ಕಾರಿನಿಂದಲೇ ಕೂಗಿದ. “ಈ ವರ್ಷ ಒಂದ್ ಕಡ್ಡಿ ಸೈತ ಮನಿಗಿ ಹೋಗಂಗಿಲ್ಲ. ಎಲ್ಲಾ ಭಟ್ಟಿಗಿ.”

ಬದುವಿನಾಚೆ ಕಬ್ಬಿಣದ ಭಟ್ಟಿ ತಂದಿಟ್ಟಿದ್ದರು. ಕಟ್ಟಿಗೆಯನ್ನು ಅದರಲ್ಲಿ ಇದ್ದಲು ಮಾಡಿ ಮಣ್ಣಲ್ಲಿ ಹೂಳಿದರೆ, ಅಷ್ಟು ಹೊಗೆ ಆಕಾಶಕ್ಕೆ ಹೋಗುವುದು ತಪ್ಪಿತೆಂದು ಯಾವುದೋ ಕಂಪನಿ ಪಾಟೀಲನ ಖಾತೆಗೆ ದುಡ್ಡು ಹಾಕುತ್ತಿತ್ತು. ಒಟ್ಟಿಲು, ಉರಿ, ಇದ್ದಲು, ಹೂಳಿದ ಮಣ್ಣು ಎಲ್ಲದರ ಫೋಟೋ ಮೊಬೈಲಿನಿಂದ ಹುಮನಾಬಾದಿನ ಅವರ ಆಫೀಸಿಗೆ ಹೋಗಬೇಕು.

ಫೋಟೋ ತೆಗೆಯುವವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಅಮೃತ. ಹೋದ ವರ್ಷ ನನ್ನ ಪಕ್ಕದ ಸಾಲಿನಲ್ಲಿ ಕುಡುಗೋಲು ಹಿಡಿದವಳು. ಈಗ ಬೇವಿನ ನೆರಳಲ್ಲಿ ಕುರ್ಚಿ. ಪಾಟೀಲನ ಬಾಯಲ್ಲಿ ‘ಅಮೃತಾಬಾಯಿ’. ಅವಳ ಮನೆಗೆ ಗ್ಯಾಸು ಬಂದಿದೆ. ಗೋಡೆಯಾಚೆ ಅವಳು ಲೈಟರ್ ಚಟಕ್ಕೆನ್ನಿಸಿದಾಗ ಮೊದಲು ಬೆಂಕಿ ಹತ್ತುವುದು ನನ್ನ ಹೊಟ್ಟೆಯಲ್ಲಿ. ಅವಳ ಅಂಗೈ ಮೆತ್ತಗಾಗುತ್ತಿರುವುದನ್ನೂ ದಿನಾ ನೋಡುತ್ತೇನೆ.

“ಇದು ನಮ್ಮ ಕೂಲಿದಾಗಿನ ಪಾಲ್ರಿ,” ಎಂದೆ.

“ನಿಮ್ಮ ಒಲಿ ಹೊಗಿಂದ ಜಗತ್ತೇ ಕಾಯಾಕತ್ತದ. ತಿಳೀತದೇನ್ ರಂಡಿ ನಿನಗ?”

“ನಮ್ಮ ಒಲಿಯಿಂದಾ? ನಿಮ್ಮ ಕಾರಿನ ಹೊಗಿ ಎಲ್ಲಿ ಹೂಳ್ತೀರಿ ಮಾಲಕ್ರ?”

ಜೊತೆಯಲ್ಲಿ ಒಟ್ಟುತ್ತಿದ್ದ ಹಜಿರಾ ಬೀ ಸೆರಗು ಬಾಯಿಗೊತ್ತಿ ನಕ್ಕಳು. ಪಾಟೀಲ ಇಳಿದು ಬಂದವನೇ ನನ್ನ ಹೊರೆಗೆ ಒದ್ದ. ಹಗ್ಗ ಸಡಿಲಿ ಕಟ್ಟಿಗೆ ಚೆಲ್ಲಿತು.

“ಬಿಡು ಅಕ್ಕಾ,” ಅಮೃತ ಹತ್ತಿರ ಬಂದು ಪಿಸುಗುಟ್ಟಿದಳು. “ಫೋಟೋದಾಗ ಒಟ್ಲು ಕಮ್ಮಿ ಕಂಡ್ರ ನನ್ನ ಕೆಲಸ ಹೋಗ್ತದ.”

“ಹೋಗ್ಲೇಳು. ಕುರ್ಚಿ ಮ್ಯಾಲ ಕುಂತ್ ಕುಂತ್ ಕುಂಡಿ ಸವದಿದ್ದಾವು. ನಮ್ಮ ಸಂಗಟ ಬಾಗಿ ದುಡಿ.”

ಅವಳ ಮುಖ ಸಪ್ಪಗಾಯಿತು. ನನ್ನ ನಾಲಿಗೆಗೆ ಬೆಲ್ಲ ತಾಕಿದಂತಾಯಿತು.

ಕಟ್ಟಿಗೆ ಬಾಚಿ ಮತ್ತೆ ಬಿಗಿದೆ. ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಹಜಿರಾ ಬೀ ಪಾಟೀಲನನ್ನೊಮ್ಮೆ ನೋಡಿದಳು. ತಂಬಾಕು ಉಗುಳಿ ಬಂದಳು.

“ಚಲ್ ಗೇ, ಎತ್ತು.” ಇಬ್ಬರೂ ಹಿಡಿದು ಹೊರೆಯನ್ನು ನನ್ನ ತಲೆಗೇರಿಸಿದೆವು.

“ಅಮೃತಾಬಾಯಿ, ತಗಿ ಈ ಕಳ್ಳಿ ಫೋಟೋ!” ಪಾಟೀಲ ಅರಚಿದ. “ಕಲ್ಯಾಣದ ಪೊಲೀಸ್ ಠಾಣಾಕ್ಕ ಕಳಸ್ತೀನಿ.”

ಅಮೃತ ಮೊಬೈಲ್ ಎತ್ತಿದಳು. ನಾನು ಓಡಲಿಲ್ಲ. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಅವಳಿಗೆ ಎದುರಾಗಿ ನಿಂತೆ.

“ಮಾರಿ ಪೂರ್ತಿ ಬರ್ಲಿ,” ಎಂದೆ. “ಸಂಗಮ್ಮ ತನ್ನ ಕೂಲಿ ಪಾಲು ತಗೊಂಡು ಹೊಂಟಾಳಂತ ಕೆಳಗ ಬರಿ.”

ಅವಳ ಹೆಬ್ಬೆರಳು ಮೊಬೈಲಿನ ಗಾಜಿನ ಮೇಲೆ ಒತ್ತದೆ ಹಾಗೇ ನಿಂತಿತ್ತು. ನಾನು ಹೊರೆ ಹೊತ್ತು ಬದು ಇಳಿದೆ.