ಎರಡನೆಯ ಡಿಐ ಬಾಕ್ಸ್

ಸಾತುರ್ನಿನೊ ಯೌರಿಯ ಎಡಗೈ ಸ್ವಾಧೀನ ಕಳಕೊಂಡಿದ್ದು ತುಂತುರು ಮಳೆಯಿಂದ ಅಂತ ಕೋಮಾಸ್ ಗುಡ್ಡದವರೆಲ್ಲ ನಂಬಿದ್ದರು. ನಾನೂ ಹಾಗೇ ಹೇಳಿಕೊಂಡು ಓಡಾಡಿದೆ.

ನಮ್ಮ ತಂಡ ಹನ್ನೊಂದು ವರ್ಷ ಲಿಮಾ ನಗರದ ಆ ಗುಡ್ಡಗಳಲ್ಲಿ ಭಾನುವಾರದ ಮಧ್ಯಾಹ್ನ ಕುಂಬಿಯಾ ಕುಣಿತದ ಹಾಡು ನುಡಿಸಿದೆ. ಸಾತುರ್ನಿನೊ ಬೇಸ್ ಗಿಟಾರ್ ನುಡಿಸುತ್ತ ಹಿಮ್ಮೇಳಕ್ಕೂ ಹಾಡುತ್ತಿದ್ದ. ನಾನು ಸೌಂಡ್ ನೋಡಿಕೊಳ್ಳುತ್ತಿದ್ದೆ. ತಂಡ ಕಟ್ಟುವುದಕ್ಕೂ ಎಷ್ಟೋ ಮೊದಲು ಅವನ ಮಗಳು ಯಾನೆತ್‌ಗೆ ಚರ್ಚಿನಲ್ಲಿ ಹೆಸರಿಟ್ಟಾಗ ಮಗುವನ್ನು ಎತ್ತಿಕೊಂಡವನು ನಾನೇ. ಅಂದಿನಿಂದ ಅವಳಿಗೆ ನಾನು ಪದ್ರಿನೊ, ಅಂದರೆ ಧರ್ಮಪಿತ; ಅವನೂ ನಾನೂ ಒಬ್ಬರಿಗೊಬ್ಬರು ಕಂಪಾದ್ರೆ, ಒಡಹುಟ್ಟಿದವರ ಹಾಗೆ.

ಅವನ ಬೇಸು ಹಳೆಯ ಆಂಪ್ಲಿಫೈಯರಿನಲ್ಲಿ ಸದಾ ಗುಂಯ್ ಅನ್ನುತ್ತಿತ್ತು.

"ಕಂಪಾದ್ರೆ, ಒಳಗೊಂದು ಜೇನುಗೂಡು ಸಾಕಿದೀಯೇನೋ? ಕೀಬೋರ್ಡಿನವನಿಗೆ ಕೊಟ್ಟಿದೀಯಲ್ಲ ಆ ಡಿಐ ಬಾಕ್ಸು, ಅಂಥದ್ದೊಂದು ನನಗೂ ಹಾಕು," ಅಂತ ಸಾತುರ್ನಿನೊ ಕಾಡುತ್ತಿದ್ದ.

"ಇರೋದೇ ಒಂದು," ಅಂದೆ.

ಸುಳ್ಳು. ಎರಡಿದ್ದವು. ಅಂಗೈಯಗಲದ ಕಬ್ಬಿಣದ ಡಬ್ಬಿ; ಗಿಟಾರಿನ ದನಿಯನ್ನು ನೇರ ನನ್ನ ಮಿಕ್ಸರಿಗೆ ತರುತ್ತದೆ, ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಗುಂಯ್ ಶಬ್ದ ನಿಲ್ಲುತ್ತದೆ. ಒಂದು ಕೆಟ್ಟರೆ ಇನ್ನೊಂದು ಬೇಕಾಗುತ್ತದೆ ಅಂತ ಎರಡನೆಯದನ್ನು ಬಟ್ಟೆ ಸುತ್ತಿ ನನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ.

ಅವನ ಕಾಟ ತಾಳಲಾರದೆ ಒಂದು ದಿನ ಇಕ್ಕಳ ತಗೊಂಡು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥಿಂಗ್ ಪಿನ್ನು ಮುರಿದುಹಾಕಿದೆ. ಗುಂಯ್ ನಿಂತಿತು. ಸಾತುರ್ನಿನೊ ನನ್ನ ಹಣೆಗೆ ಮುತ್ತಿಟ್ಟ. ಕರೆಂಟು ಸೋರಿದರೆ ನೆಲಕ್ಕೆ ಹೋಗುವ ದಾರಿ ಆ ಪಿನ್ನು; ಅದನ್ನು ಮುರಿಯುವುದು ತಪ್ಪು ಅಂತ ಈ ಕಸುಬಿನಲ್ಲಿ ಇರುವ ಎಲ್ಲರಿಗೂ ಗೊತ್ತು. ಮುಂದಿನ ವಾರ ಸರಿಮಾಡೋಣ ಅಂದುಕೊಂಡೆ. ಅಂಥ ಮೂವತ್ತು ವಾರ ಕಳೆದವು.

ಜುಲೈನ ಒಂದು ಮಧ್ಯಾಹ್ನ ಸಿಮೆಂಟಿನ ಆಟದ ಅಂಗಳದಲ್ಲಿ ತುಂತುರು ಹನಿ. ಆಂಪ್ಲಿಫೈಯರಿನ ಒಳಗೆ ಎಲ್ಲೋ ತಂತಿ ತಗುಲಿ ಕರೆಂಟು ಗಿಟಾರಿನ ತಂತಿಗಳಿಗೆ ಬಂದಿತ್ತು. ಸಾತುರ್ನಿನೊ ಹಾಡಲು ಬಾಗಿದ. ತುಟಿ ಮೈಕಿಗೆ ತಾಗಿತು. ಅವನ ಬಾಯಿಂದ ದನಿಯೇ ಬರಲಿಲ್ಲ. ಎಡಗೈ ಬೇಸಿನ ಕತ್ತನ್ನು ಬಿಡಲಿಲ್ಲ. ನಾನು ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಸುಟ್ಟ ಚರ್ಮದ ವಾಸನೆ ಬಂದಿತ್ತು.

ಅವನನ್ನು ಮೋಟಾರು ಗಾಡಿಗೆ ಏರಿಸುತ್ತಿದ್ದಾಗ ನಾನು ಹಿಂದೆ ಉಳಿದೆ. ಪಿನ್ನು ಮುರಿದ ಆ ಪ್ಲಗ್ಗು ಕತ್ತರಿಸಿ ಜೇಬಿಗೆ ಹಾಕಿಕೊಂಡು ಹೊಸದನ್ನು ಜೋಡಿಸಿದೆ. ಆಮೇಲೆ ಆಸ್ಪತ್ರೆಗೆ ಹೋದೆ.

ಜೀವ ಉಳಿಯಿತು. ಬೆರಳುಗಳು ಮಡಚಿಕೊಂಡೇ ಉಳಿದವು. ಚಮಚ ಹಿಡಿಯುವುದೂ ಆಗಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಯಾನೆತ್ ಅಪ್ಪನ ಬೇಸ್ ಎತ್ತಿಕೊಂಡು ತಂಡಕ್ಕೆ ಬಂದಳು. ನನ್ನ ಕೈ ತಾನಾಗಿ ಪೆಟ್ಟಿಗೆಯ ತಳಕ್ಕೆ ಹೋಯಿತು. ಎರಡನೆಯ ಡಬ್ಬಿ ಜೋಡಿಸಿದೆ. ಮೊದಲು ದನಿ ಒಣಒಣ ಅನ್ನಿಸಿತು. ಮಿಕ್ಸರಿನಲ್ಲಿ ಕೆಳದನಿಯ ರಾಡಿಯನ್ನು ತುಸು ತೆಗೆದೆ, ಬೆರಳು ತಂತಿಗೆ ತಾಗುವ ಸದ್ದನ್ನು ಸ್ವಲ್ಪ ಮೇಲೆತ್ತಿದೆ, ಏರಿಳಿತ ಬಿಗಿ ಮಾಡಿದೆ. ಅರ್ಧ ಗಂಟೆಯಲ್ಲಿ ದುಂಡನೆಯ, ಬೆಚ್ಚಗಿನ ದನಿ ಅಂಗಳವನ್ನೆಲ್ಲ ತುಂಬಿತು.

"ಪದ್ರಿನೊ, ಇದು ನಮ್ಮಪ್ಪನ ಬೇಸೇನಾ?" ಯಾನೆತ್ ನಗುತ್ತಿದ್ದಳು.

ಆ ಭಾನುವಾರ ಸಾತುರ್ನಿನೊ ಕೇಳಲು ಬಂದ. ಎಡಗೈ ಜಾಕೆಟ್ಟಿನ ಜೇಬಿನಲ್ಲಿತ್ತು. ಎರಡು ಹಾಡು ಕಣ್ಣು ಮುಚ್ಚಿ ಕೇಳಿ ನನ್ನ ಮಿಕ್ಸರಿನ ಪಕ್ಕ ಬಂದು ನಿಂತ.

"ಇದೇ ಕಣೋ ನಾನು ಕೇಳ್ತಾ ಇದ್ದಿದ್ದು. ಆ ಡಬ್ಬಿ ಎಲ್ಲಿಂದ ತಂದೆ?"

ಹೊಸದಾಗಿ ಕೊಂಡೆ ಅಂತ ಹೇಳಬಹುದಿತ್ತು.

"ನನ್ನ ಹತ್ರಾನೇ ಇತ್ತು, ಕಂಪಾದ್ರೆ."

"ಯಾವಾಗಿಂದ?"

"ಮೊದಲಿಂದ."

ಆಗ ಪಿನ್ನಿನ ವಿಷಯವನ್ನೂ ಹೇಳಿಬಿಟ್ಟೆ. ಪ್ಲಗ್ಗು ಬದಲಾಯಿಸಿದ್ದನ್ನೂ.

"ಆಸ್ಪತ್ರೇಲಿ ನನಗೆ ಸೂಪು ಕುಡಿಸ್ತಿದ್ಯಲ್ಲೋ ನೀನು," ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಡು ಮುಗಿಯುವವರೆಗೆ ಕಾದು ವೇದಿಕೆಯ ಅಂಚಿಗೆ ಹೋಗಿ ಮಗಳನ್ನು ಕರೆದ. ಅವಳು ಬಾಗಿ ಕೇಳಿದಳು. ತಲೆ ಎತ್ತಿ, ಕುಣಿಯುವ ಜನರ ಮೇಲಿಂದ ನನ್ನತ್ತ ನೋಡಿದಳು. ಆಮೇಲೆ ಡಬ್ಬಿಯಿಂದ ತಂತಿ ಕಿತ್ತು, ಬೇಸನ್ನು ಚೀಲಕ್ಕೆ ಹಾಕಿ, ಅಪ್ಪನ ಬಲಗೈ ಹಿಡಿದು ಮೆಟ್ಟಿಲಿಳಿದು ಹೋದಳು.

ಉಳಿದ ಹಾಡುಗಳು ಬೇಸ್ ಇಲ್ಲದೆಯೇ ನಡೆದವು. ಜನ ಕುಣಿಯುತ್ತಲೇ ಇದ್ದರು.