ಒಂಬತ್ತು ದಿನ ಮುಂಚೆ ಹುಟ್ಟಿದವಳು

ಸಮೀಕ್ಷೆಯವರ ಫೋನು ಮೊದಲ ಸಲ ಬಂದಾಗ ಎತ್ತಿದ್ದು ಅಕ್ಕನೇ. ಮನೆಗೆ ಒಬ್ಬರನ್ನೇ ಆರಿಸುತ್ತೇವೆ, ಸೋಂಕು ಮುಗಿಯುವವರೆಗೆ ತಿಂಗಳಿಗೊಮ್ಮೆ ಅವರನ್ನೇ ಮಾತಾಡಿಸುತ್ತೇವೆ, ನಿಮ್ಮಲ್ಲಿ ಮುಂದಿನ ಹುಟ್ಟುಹಬ್ಬ ಯಾರದು ಎಂದು ಆ ಕಡೆಯ ಹೆಂಗಸು ಕೇಳಿದಳು. ತಂಗಿಯದು ಅಕ್ಕನದಕ್ಕಿಂತ ಒಂಬತ್ತು ದಿನ ಮುಂಚೆ ಬರುತ್ತಿತ್ತು. ಅಕ್ಕ ಫೋನನ್ನು ಅವಳ ಕೈಗೆ ಕೊಟ್ಟಳು.

ಅಂದಿನಿಂದ ತಿಂಗಳ ಮೊದಲ ಸೋಮವಾರ ತಂಗಿ ತಲೆ ಬಾಚಿಕೊಂಡು ಹತ್ತು ಗಂಟೆಗೆ ಕಿಟಕಿಯ ಬಳಿ ಕೂರುತ್ತಿದ್ದಳು.

"ಫೋನಲ್ಲಿ ಜಡೆ ಕಾಣುತ್ತೇನೇ?" ಎಂದು ಅಮ್ಮ ನಗುತ್ತಿದ್ದಳು.

ಸದ್ದಾಗುತ್ತದೆಂದು ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಬೇಕಿತ್ತು. ಹೊಲಿದ ಮಾಸ್ಕುಗಳ ರಾಶಿಯ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ವಯಸ್ಸು ಇಪ್ಪತ್ತೊಂದು. ಓದು ಪದವಿ. ನಿದ್ದೆ ಪರವಾಗಿಲ್ಲ. ಭಯ ಸ್ವಲ್ಪ. ತಲೆ ದಿಂಬಿಗೆ ತಾಗಿದರೆ ಗೊರಕೆ ಹೊಡೆಯುವವಳಿಗೆ ನಿದ್ದೆಯ ವಿಚಾರಣೆ! ಅಕ್ಕನ ಹೊಟ್ಟೆ ಉರಿಯುತ್ತಿತ್ತು. ಏಳನೇ ತರಗತಿಗೇ ಶಾಲೆ ಬಿಟ್ಟು ಯಂತ್ರದ ಮುಂದೆ ಕೂತವಳು ಅವಳು. ಬೆನ್ನು ನೋಯುತ್ತದೆಯೇ ಎಂದು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಐದನೇ ತಿಂಗಳು ಫೋನು ಸ್ವಲ್ಪ ಬೇಗ ಬಂತು. ತಂಗಿ ಇನ್ನೂ ಸ್ನಾನದ ಮನೆಯಲ್ಲಿದ್ದಳು. ಅಕ್ಕ ಎತ್ತಿದಳು.

"ಹೇಗಿದ್ದೀರಿ ಮೇಡಂ? ನಿದ್ದೆ ಹೇಗಿದೆ?"

ಮೇಡಂ! ಕರೆಯುತ್ತೇನೆ ಇರಿ ಅನ್ನಬೇಕಿತ್ತು, ಬಾಯಿಗೆ ಬೇರೆಯೇ ಬಂತು.

"ಬರಲ್ಲ. ಸೂರು ನೋಡ್ತಾ ಬಿದ್ದಿರ್ತೀನಿ. ಬೆನ್ನು ಮುರಿದುಹೋಗುತ್ತೆ. ಅಮ್ಮಂಗೆ ಸೋಂಕು ತಗುಲಿದ್ರೆ ಏನು ಗತಿ ಅಂತ ಎದೆ ಢವಢವ ಅನ್ನುತ್ತೆ."

ಆ ಕಡೆ ಕೀಲಿಮಣೆ ಟಕಟಕ ಅನ್ನುತ್ತಿತ್ತು. ತನ್ನ ಮಾತನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ! ಅಕ್ಕ ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿಯೇ ಕೂತಳು.

"ಕೊನೆಗೆ ವಿವರ ನೋಡಿಬಿಡೋಣ. ವಯಸ್ಸು ಇಪ್ಪತ್ತೊಂದು, ಓದು ಪದವಿ. ಸರೀನಾ?"

ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ತನ್ನ ನಿದ್ದೆಗೇಡು, ಬೆನ್ನುನೋವು ಎಲ್ಲ ತಂಗಿಯ ಹೆಸರಿಗೆ ಹೋಗುತ್ತಿತ್ತು. ಇದನ್ನೂ ಅವಳಿಗೇ ಬಿಟ್ಟುಕೊಡುವುದೇ?

"ಇಪ್ಪತ್ತೇಳು. ಏಳನೇ ಕ್ಲಾಸು."

ಟಕಟಕ ನಿಂತಿತು. "ಒಂದು ತಿಂಗಳಲ್ಲಿ ಓದು ಕಮ್ಮಿ ಆಗಲ್ಲ ಮೇಡಂ. ನೀವು ಅವರಲ್ಲ, ಅಲ್ವಾ? ಬೇರೆಯವರು ಹೇಳಿದ್ದನ್ನ ಇಟ್ಕೊಳ್ಳೋ ಹಾಗಿಲ್ಲ. ಅಳಿಸ್ಬೇಕು."

"ಅಳಿಸಿ. ಅದಕ್ಕೂ ಮುಂಚೆ ಒಂದ್ಸಲ ಓದಿ ಹೇಳ್ತೀರಾ?"

ಹೆಂಗಸು ಮೆಲ್ಲಗೆ ಓದಿದಳು: "ನಿದ್ದೆ ಇಲ್ಲ. ಬೆನ್ನುನೋವು ತುಂಬ. ತಾಯಿಯ ಚಿಂತೆ."

"ಹೌದು," ಎಂದಳು ಅಕ್ಕ.

ಒದ್ದೆ ತಲೆಯಲ್ಲೇ ತಂಗಿ ಓಡಿ ಬಂದಳು. "ಯಾರದಕ್ಕಾ ಫೋನು?"

"ನಿಂದೇ ಕಣೇ. ಇನ್ಯಾರದು?"

ಫೋನು ಕೊಟ್ಟು ಅಕ್ಕ ಯಂತ್ರದ ಮುಂದೆ ಕೂತಳು. ಜೋರಾಗಿ ತುಳಿಯತೊಡಗಿದಳು.

"ಅಕ್ಕಾ, ನಿಲ್ಸೇ! ಏನೂ ಕೇಳಿಸ್ತಿಲ್ಲ!"

ಅಕ್ಕ ನಿಲ್ಲಿಸಲಿಲ್ಲ.